ತಪ್ಪು ಆ ಹುಡುಗಿಯ ಕೈಯದಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಸಾಲಾಗಿ ನಿಂತ ಮಕ್ಕಳು, ಎಲ್ಲರ ಕಣ್ಣಿಗೂ ವಿಆರ್ ಹೆಡ್‌ಸೆಟ್ (ಕಂಪ್ಯೂಟರ್ ಕಟ್ಟಿದ ಲೋಕವನ್ನು ಕಣ್ಣೆದುರೇ ಇರುವಂತೆ ತೋರಿಸುವ ದೊಡ್ಡ ಕನ್ನಡಕದಂಥದ್ದು), ಎಲ್ಲರ ಬಲಗೈಯೂ ಮುಂದಕ್ಕೆ ಚಾಚಿದೆ. ನೋಡಿ ಖುಷಿಯಾಯಿತು. ನಮ್ಮ ಕಡೆಯ ಸರ್ಕಾರಿ ಶಾಲೆಗೂ ಇದು ಬಂತಲ್ಲ ಅಂತ. ಆದರೆ ನನ್ನ ಕಣ್ಣು ಆ ಕೈಗಳ ಮೇಲೇ ನಿಂತುಬಿಟ್ಟಿತು. ಎಲ್ಲ ಕೈಯೂ ಭುಜದ ಮಟ್ಟಕ್ಕೆ ಎದ್ದಿವೆ, ಮೊಣಕೈಗೆ ಯಾವ ಆಸರೆಯೂ ಇಲ್ಲ. ಕೊನೆಯಲ್ಲಿ ನಿಂತ ಹುಡುಗ ಎಡಗೈಯಿಂದ ತನ್ನ ಬಲಗೈಯನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದಾನೆ. ಅವನು ಯಾಕೆ ಹಾಗೆ ಹಿಡಿದಿದ್ದಾನೆ ಅಂತ ನನಗೆ ಗೊತ್ತು. ಅದನ್ನು ಬರೆಯೋಣ ಅಂತಲೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸಬೇಡಿ.

ನಾನು ಲಿಂಗಸುಗೂರು ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ನಮಗೂ ದಾನಿಗಳೊಬ್ಬರು ಎರಡು ಹೆಡ್‌ಸೆಟ್ ಕೊಟ್ಟರು. ಜೊತೆಗೆ ದೇಹದ ಅಂಗಾಂಗ ತೋರಿಸುವ ಒಂದು ಆ್ಯಪ್. ಹತ್ತನೇ ತರಗತಿಗೆ ಹೃದಯದ ಪಾಠ ಇದೆಯಲ್ಲ, ಅದನ್ನೇ ಮೊದಲು ಹಾಕಿದೆವು. ಕಪ್ಪು ಹಲಗೆಯ ಮೇಲೆ ನಾನು ಇಪ್ಪತ್ತು ವರ್ಷದಿಂದ ಬಿಡಿಸುತ್ತಿರುವ ಹೃದಯ ಗಾಳಿಯಲ್ಲಿ ಕೆಂಪಗೆ ಬಡಿದುಕೊಳ್ಳುತ್ತಿತ್ತು. ಮಕ್ಕಳು "ಅಬ್ಬಾ" ಅಂದರು. ನಾನೂ ಅಂದೆ.

ಆಮೇಲೆ ಕೆಲಸ ಶುರುವಾಯಿತು. ಕೈಯಲ್ಲಿ ಹಿಡಿಯುವ ರಿಮೋಟ್‌ನಂಥ ಕಂಟ್ರೋಲರ್‌ನಿಂದ ಒಂದು ಬೆಳಕಿನ ಗೆರೆ ಹೊರಡುತ್ತದೆ. ಆ ಗೆರೆಯನ್ನು ಹೃದಯದ ಯಾವುದೋ ಭಾಗಕ್ಕೆ ತಾಗಿಸಿ ಗುಂಡಿ ಒತ್ತಿದರೆ ಆ ಭಾಗ ಬಿಡಿಯಾಗಿ ಹೊರಗೆ ಬರುತ್ತದೆ. ಇದಕ್ಕೆ ಸೆಲೆಕ್ಟ್ ಮಾಡೋದು ಅಂತಾರೆ, ನಮ್ಮ ಮಕ್ಕಳು 'ಹಿಡಿಯೋದು' ಅಂತಾರೆ. ನನಗೂ ಆ ಮಾತೇ ಸರಿ ಅನಿಸುತ್ತದೆ. ಒಬ್ಬ ಹುಡುಗಿಗೆ ದ್ವಿದಳ ಕವಾಟ, ಅಂದರೆ ಹೃದಯದೊಳಗಿನ ಒಂದು ಪುಟ್ಟ ಬಾಗಿಲು, ಹಿಡಿಯಮ್ಮ ಅಂದೆ. ಗೆರೆ ತಂದಳು. ನಿಲ್ಲಿಸಿದಳು. ಒತ್ತಿದಳು. ಪಕ್ಕದ ಗೋಡೆ ಎದ್ದು ಬಂತು. ವಾಪಸ್ ಇಟ್ಟಳು. ಮತ್ತೆ ಗೆರೆ ತಂದು, ಉಸಿರು ಬಿಗಿಹಿಡಿದು ಒತ್ತಿದಳು. ಈ ಸಲ ಮಹಾಪಧಮನಿ ಬಂತು. ಏಳೆಂಟು ಸಲ ಹೀಗೇ ಆಯಿತು. ಅಷ್ಟರಲ್ಲಿ ಅವಳ ತೋಳು ನಡುಗಲು ಶುರುವಾಗಿತ್ತು, ನಡುಗಿದಷ್ಟೂ ಗೆರೆ ಕುಣಿಯುತ್ತಿತ್ತು, ಸುತ್ತ ನಿಂತವರು, ಅವಳಿಗೆ ಕಾಣುವುದನ್ನೇ ತೋರಿಸುವ ಟಿವಿಯಲ್ಲಿ ಅದನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. ಕೊನೆಗೆ ಹೆಡ್‌ಸೆಟ್ ತೆಗೆದು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದಳು, "ನನ್ ಕೈಯಾಗ ಏನರ ದೋಷ ಐತೇನ್ರಿ ಮೇಡಂ?"

ಸಂಪಾದಕರೇ, ಆ ಮಾತು ನನಗೆ ಚುಚ್ಚಿತು. ಈ ಹುಡುಗಿ ಸುಗ್ಗಿಯಲ್ಲಿ ರಜೆಯ ದಿನ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗುವವಳು. ಹತ್ತಿ ಬಿಡಿಸೋದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಬಿರಿದ ಕಾಯಿಯ ಸುತ್ತ ಒಣಗಿದ ಚೂಪು ತುದಿಗಳು ಇರುತ್ತವೆ. ಬೆರಳು ಆ ತುದಿಗಳ ನಡುವೆ ಇಳಿದು, ತೊಳೆಯನ್ನು ಬುಡದಿಂದ ಹಿಡಿದು, ಒಂದೇ ಎಳೆತಕ್ಕೆ ತೆಗೆಯಬೇಕು. ಒಣ ಎಲೆಯ ಚೂರು ಅಂಟಬಾರದು. ಅಂಟಿದರೆ ಮಾರುಕಟ್ಟೆಯಲ್ಲಿ ರೇಟು ಇಳಿಯುತ್ತದೆ. ಇವಳು ಅದನ್ನು ಮಾತಾಡುತ್ತಾ, ಬೇರೆ ಕಡೆ ನೋಡುತ್ತಾ ಮಾಡುತ್ತಾಳೆ. ಎರಡೂ ಕೈಯಲ್ಲಿ. ಅಂಥ ಕೈಗೆ ದೋಷ ಇದೆ ಅಂತ ಅವಳಿಗೇ ಅನಿಸುವ ಹಾಗೆ ಮಾಡಿತಲ್ಲ ಒಂದು ಆ್ಯಪ್!

ಅವತ್ತು ರಾತ್ರಿ ನನ್ನ ಹಳೆಯ ವಿದ್ಯಾರ್ಥಿ ಒಬ್ಬನಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಇಂಥದ್ದೇ ಸಾಫ್ಟ್‌ವೇರ್ ಬರೆಯುವ ಕೆಲಸ ಅವನದು. "ಮೇಡಂ, ಹೃದಯ ನಿಮ್ಮಿಂದ ಎಷ್ಟು ದೂರ ಕಾಣ್ತದ, ಆ ಕವಾಟ ಎಷ್ಟು ದೊಡ್ಡದು, ಮೊದಲು ಅದು ಹೇಳ್ರಿ" ಅಂದ. ನಾನು ಅಂದಾಜು ಮಾಡಿ ಹೇಳಿದೆ. ಮೂರು ಮೀಟರ್ ದೂರ. ಕವಾಟ ಒಂದು ಹತ್ತು ರೂಪಾಯಿ ನಾಣ್ಯದಷ್ಟು. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ ಇದೆ. ಅದನ್ನು ಮೂರು ಮೀಟರ್ ದೂರದಿಂದ ನೋಡಿದರೆ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ. ಆಕಾಶದ ಹುಣ್ಣಿಮೆ ಚಂದ್ರನೂ ನಮಗೆ ಕಾಣುವುದು ಅರ್ಧ ಡಿಗ್ರಿಯೇ. ಅಂದರೆ ನಾನು ಆ ಹುಡುಗಿಗೆ, ತೋಳು ಚಾಚಿ ಒಂದು ಕಡ್ಡಿಯನ್ನು ಚಂದ್ರನಿಗೆ ಗುರಿ ಇಟ್ಟು, ಆ ಕಡ್ಡಿ ಚೂರೂ ಅಲುಗದಂತೆ ಅದರ ಮೇಲಿನ ಗುಂಡಿ ಒತ್ತು ಅಂತ ಹೇಳಿದ್ದೆ. ಇದು ಯಾರ ಕೈಲೂ ಸಲೀಸಾಗಿ ಆಗೋದಲ್ಲ.

ಲೇಸರ್ ಪಾಯಿಂಟರ್ ಹಿಡಿದು ಭಾಷಣ ಮಾಡುವವರನ್ನು ನೋಡಿದ್ದೀರಲ್ಲ, ಆ ಕೆಂಪು ಚುಕ್ಕೆ ಗೋಡೆಯ ಮೇಲೆ ಎಷ್ಟು ಕುಣಿಯುತ್ತದೆ! ಇಲ್ಲೂ ಅದೇ ಲೆಕ್ಕ. ಮಣಿಕಟ್ಟು ಒಂದು ಡಿಗ್ರಿ ಅಲುಗಿದರೆ, 30 ಸೆಂಟಿಮೀಟರ್ ದೂರದ ವಸ್ತುವಿನ ಮೇಲೆ ಗೆರೆ ಸರಿಯುವುದು ಅರ್ಧ ಸೆಂಟಿಮೀಟರ್. ಅದೇ ಮೂರು ಮೀಟರ್ ದೂರ ಇದ್ದರೆ ಐದು ಸೆಂಟಿಮೀಟರ್‌ಗೂ ಜಾಸ್ತಿ. ಕೈ ಅದೇ, ನಡುಕವೂ ಅಷ್ಟೇ. ದೂರ ಇಟ್ಟವರು ಅದನ್ನು ಹತ್ತು ಪಟ್ಟು ಮಾಡಿದರು.

ಇದೇನು ಹೊಸ ವಿಷಯವೂ ಅಲ್ಲ. ಪಾಲ್ ಫಿಟ್ಸ್ ಎಂಬ ಮನಃಶಾಸ್ತ್ರಜ್ಞ 1954ರಲ್ಲೇ ಇದಕ್ಕೆ ಒಂದು ಸೂತ್ರ ಕೊಟ್ಟಿದ್ದಾರೆ. ಗುರಿ ದೂರ ಇದ್ದಷ್ಟೂ, ಚಿಕ್ಕದಿದ್ದಷ್ಟೂ ಕೈ ಅಲ್ಲಿಗೆ ಮುಟ್ಟಲು ಹೊತ್ತು ಜಾಸ್ತಿ ಬೇಕು. ದೂರ ಎರಡು ಪಟ್ಟಾದರೆ ಗುರಿಯ ಅಗಲವನ್ನೂ ಎರಡು ಪಟ್ಟು ಮಾಡಿ, ಕಷ್ಟ ಅಷ್ಟೇ ಉಳಿಯುತ್ತದೆ. ಇದು ಸೂತ್ರ ಗೊತ್ತಿಲ್ಲದವರಿಗೂ ಹೊಳೆಯುವ ಮಾತು, ಅಲ್ವಾ? ಅಕ್ಕಿಯಲ್ಲಿ ಕಲ್ಲು ಆರಿಸುವ ಯಾವ ಅಜ್ಜಿಯೂ ಮೊರವನ್ನು ಮಾರು ದೂರ ಇಟ್ಟುಕೊಂಡು ಕೂರುವುದಿಲ್ಲ. ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಮೊಣಕೈ ಸೊಂಟಕ್ಕೆ ತಾಗಿರುತ್ತದೆ. ಕಿರುಬೆರಳು ಮೊರದ ಅಂಚಿಗೆ ಊರಿರುತ್ತದೆ. ಆಡುವುದು ಹೆಬ್ಬೆರಳು ತೋರುಬೆರಳು ಎರಡೇ.

ಈ ಊರುವ ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ, ಯಾಕಂದ್ರೆ ನಾನು ಹಲಗೆಯ ಮೇಲೆ ಬರೆಯುವವಳು. ಹಲಗೆಯ ಮೇಲ್ಭಾಗದಲ್ಲಿ ಹತ್ತು ನಿಮಿಷ ಬರೆದರೆ ಭುಜ ಸೋಲುತ್ತದೆ. ಆದರೂ ಸಣ್ಣ ಕವಾಟವನ್ನು ಹಲಗೆಯಲ್ಲಿ ನೆಟ್ಟಗೆ ಬಿಡಿಸುತ್ತೇನೆ. ಹೇಗೆ? ಅಂಗೈಯ ಅಂಚನ್ನು ಹಲಗೆಗೆ ಒರಗಿಸಿರುತ್ತೇನೆ. ಹಲಗೆ ನನ್ನ ಕೈಯ ಭಾರವನ್ನು ಹೊರುತ್ತದೆ. ವಿಆರ್‌ನಲ್ಲಿ ಆ ಹಲಗೆ ಇಲ್ಲ. ಗಾಳಿಗೆ ಕೈ ಒರಗಿಸಲು ಆಗುವುದಿಲ್ಲ. ಹೋದ ವರ್ಷ ನನ್ನ ಬಲ ಭುಜ ಹಿಡಿದುಕೊಂಡು ನಾಲ್ಕು ತಿಂಗಳು ಜಡೆ ಹೆಣೆದುಕೊಳ್ಳಲೂ ಆಗುತ್ತಿರಲಿಲ್ಲ, ಆಗಲೇ ನಾನು ಈ ಹೆಡ್‌ಸೆಟ್ ಮೊದಲು ಹಾಕಿಕೊಂಡಿದ್ದು, ಮೆನು ತಲೆಯ ಎತ್ತರದಲ್ಲಿ ತೇಲುತ್ತಿತ್ತು, ಅದನ್ನು ಮುಟ್ಟಲು ತೋಳು ಎತ್ತಿದೆ, ಕಣ್ಣಲ್ಲಿ ನೀರು ಬಂತು. ಅಂಥ ನೋವು ಇರುವ ಶಿಕ್ಷಕರು, ಅಜ್ಜ ಅಜ್ಜಿಯರು, ಪೋಲಿಯೊ ಆದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಅವರಿಗೆ ಇದು ಬೇಡವೇ?

ಚಾಚಿದ ತೋಳು ಸೋಲುವುದಕ್ಕೆ ಕಂಪ್ಯೂಟರ್ ಕ್ಷೇತ್ರದವರು 'ಗೊರಿಲ್ಲಾ ಆರ್ಮ್' ಅಂತ ಹೆಸರೇ ಇಟ್ಟಿದ್ದಾರಂತೆ. ನೆಟ್ಟಗೆ ನಿಂತ ಟಚ್ ಸ್ಕ್ರೀನ್ ಮುಂದೆ ಕೈ ಎತ್ತಿ ಎತ್ತಿ ತೋಳು ಭಾರ ಆಗುತ್ತದೆ ಅಂತ ಹೆಡ್‌ಸೆಟ್‌ಗಳು ಬರುವುದಕ್ಕೆ ಎಷ್ಟೋ ಮುಂಚೆಯೇ ಗೊತ್ತಾಗಿತ್ತು. ಹೆಸರು ಇಟ್ಟು, ಅಳತೆ ಮಾಡುವ ವಿಧಾನಗಳೂ ಬಂದ ಮೇಲೂ ಮೆನುವನ್ನು ತಲೆ ಎತ್ತರಕ್ಕೆ ತೂಗುಹಾಕುತ್ತಾರೆ ಅಂದರೆ ಏನು ಹೇಳಬೇಕು?

ಇನ್ನೊಂದು ಸಂಗತಿ ಆ ಹುಡುಗಿಯಿಂದಲೇ ನನಗೆ ತಿಳಿಯಿತು. ಅವಳ ಗೆರೆ ಕವಾಟದ ಮೇಲೆ ಸರಿಯಾಗಿಯೇ ನಿಲ್ಲುತ್ತಿತ್ತು. ತಪ್ಪುತ್ತಿದ್ದದ್ದು ಗುಂಡಿ ಒತ್ತುವ ಕ್ಷಣದಲ್ಲಿ. ಕೇರಂ ಆಡುವವರಿಗೆ ಇದು ಗೊತ್ತು. ಸ್ಟ್ರೈಕರ್ ಇಟ್ಟು, ಗುರಿ ನೋಡಿ, ಎಲ್ಲ ಸರಿ ಇದೆ ಅಂದುಕೊಂಡು ಬೆರಳು ಚಿಮ್ಮುವಾಗ ಕೈ ಕೂದಲೆಳೆ ಸರಿಯುತ್ತದೆ, ಕಾಯಿ ಪಾಕೆಟ್‌ನ ಅಂಚಿಗೆ ಬಡಿದು ನಿಲ್ಲುತ್ತದೆ. ಕಂಟ್ರೋಲರ್‌ನ ಗುಂಡಿ ಒತ್ತಿದಾಗಲೂ ಹೀಗೇ. ಬೆರಳಿನ ಒತ್ತಡಕ್ಕೆ ಇಡೀ ಕಂಟ್ರೋಲರ್ ಚೂರು ಓಲುತ್ತದೆ, ಮೂರು ಮೀಟರ್ ಆಚೆ ಗೆರೆ ಪಕ್ಕದ ಗೋಡೆಗೆ ಹಾರುತ್ತದೆ. ಭೌತಶಾಸ್ತ್ರದ ಹೈಸೆನ್‌ಬರ್ಗ್ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ, ಹೈಸೆನ್‌ಬರ್ಗ್ ಎಫೆಕ್ಟ್ ಅಂತ. ಅಳೆಯಲು ಹೋದರೆ ಅಳೆಯುವ ವಸ್ತುವೇ ಅಲುಗುತ್ತದೆ ಅನ್ನುವ ಅರ್ಥದಲ್ಲಿ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಒತ್ತಿದ ಕ್ಷಣದಲ್ಲಿ ಗೆರೆ ಎಲ್ಲಿತ್ತು ಅಂತ ನೋಡಬೇಡಿ, ಅದಕ್ಕಿಂತ ಒಂದು ಚಿಟಿಕೆ ಹೊತ್ತು ಮುಂಚೆ, ಕೈ ಸ್ಥಿರವಾಗಿದ್ದಾಗ ಎಲ್ಲಿತ್ತೋ ಅದನ್ನು ಲೆಕ್ಕಕ್ಕೆ ತಗೊಳ್ಳಿ. ಇಲ್ಲವೇ ಬಲಗೈ ಗುರಿ ಹಿಡಿಯಲಿ, ಎಡಗೈಯ ಕಂಟ್ರೋಲರ್ ಗುಂಡಿ ಒತ್ತಲಿ. ನನ್ನ ಹಳೆಯ ವಿದ್ಯಾರ್ಥಿ ಇವೆರಡನ್ನೂ ಒಂದು ಪುಟ್ಟ ಪ್ರಯೋಗದ ಆ್ಯಪ್‌ನಲ್ಲಿ ಮಾಡಿ ಕಳಿಸಿದ. ಅದರಲ್ಲಿ ಹೃದಯ ಇಲ್ಲ, ಬರೀ ಬಣ್ಣದ ಗೋಲಿಗಳು. ಆದರೆ ಕಲಿಯುವುದಕ್ಕೆ ಅದು ಸಾಕಾಯಿತು.

ಅವನು ಮಾಡಿದ ಇನ್ನೊಂದು ಬದಲಾವಣೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಕೈ ನಿಧಾನವಾಗಿ ಚಲಿಸುವಾಗ ನಡುಕವನ್ನು ಜಾಸ್ತಿ ಸೋಸುವುದು, ಜೋರಾಗಿ ಚಲಿಸುವಾಗ ಸೋಸದೆ ಬಿಡುವುದು. ಯಾವಾಗಲೂ ಸೋಸಿದರೆ ಗೆರೆ ಕೈಯ ಹಿಂದೆ ಎಳೆದುಕೊಂಡು ಬರುತ್ತದೆ, ಕೆಸರಿನಲ್ಲಿ ನಡೆದ ಹಾಗೆ. ಎಂದೂ ಸೋಸದಿದ್ದರೆ ಕುಣಿಯುತ್ತದೆ. ಮಕ್ಕಳು ಬರೆಯುವುದೂ ಹಾಗೇ ಅಲ್ವಾ, ಗೆರೆ ಎಳೆಯುವಾಗ ಸರ್ರನೆ, ಚುಕ್ಕಿ ಇಡುವಾಗ ಮೆಲ್ಲಗೆ. ಇದಕ್ಕೆ 'ಒನ್ ಯೂರೊ ಫಿಲ್ಟರ್' ಅಂತ ಹೆಸರು, 2012ರಲ್ಲಿ ಪ್ರಕಟವಾಗಿದೆ. ಕೆಲವೇ ಸಾಲಿನ ಕೋಡ್, ಯಾರು ಬೇಕಾದರೂ ಬಳಸಬಹುದು ಅಂದ. ದುಡ್ಡಿನ ಮಾತೇ ಇಲ್ಲ ಇಲ್ಲಿ, ಗಮನ ಇದ್ದರೆ ಸಾಕು.

ಗುರಿಯನ್ನೇ ಅಗಲ ಮಾಡುವ ದಾರಿಗಳೂ ಇವೆ. ಗೆರೆಯ ಬದಲು ಟಾರ್ಚ್ ಬೆಳಕಿನ ಹಾಗೆ ಹರಡುವ ಒಂದು ಕೋನ್ ಬಿಡಬಹುದು. ಅಥವಾ ಗೆರೆಗೆ ಯಾವುದು ಹತ್ತಿರವೋ ಅದನ್ನೇ ಹಿಡಿಯಬಹುದು. ಕಂಪ್ಯೂಟರ್ ಪರದೆಯ ಮೇಲೆ ಇದನ್ನು 'ಬಬಲ್ ಕರ್ಸರ್' ಅಂತ 2005ರಲ್ಲಿ ಗ್ರಾಸ್‌ಮನ್ ಮತ್ತು ಬಾಲಕೃಷ್ಣನ್ ಎಂಬ ಸಂಶೋಧಕರು ಮಾಡಿ ತೋರಿಸಿದ್ದರು. ಆದರೆ ಹೃದಯದಂಥ ಕಡೆ, ಒಂದರ ಮೈಗೆ ಒಂದು ಅಂಟಿಕೊಂಡು, ಒಂದರ ಹಿಂದೆ ಒಂದು ಅಡಗಿರುವಾಗ, ಹತ್ತಿರದ್ದು ಯಾವುದು ಅಂತ ಯಂತ್ರಕ್ಕೂ ಗೊಂದಲ. ಅಲ್ಲಿ ನನಗೆ ಎರಡು ಹೆಜ್ಜೆಯ ದಾರಿಯೇ ಸರಿ ಅನಿಸುತ್ತದೆ. ಮೊದಲು ಆ ಜಾಗದ ನಾಲ್ಕೈದು ಭಾಗಗಳನ್ನು ಒಟ್ಟಿಗೆ ಹಿಡಿ, ಅವು ಕೈ ಹತ್ತಿರ ದೊಡ್ಡದಾಗಿ ಬಿಡಿಬಿಡಿಯಾಗಿ ಹರಡಿಕೊಳ್ಳಲಿ, ಆಮೇಲೆ ಬೇಕಾದ್ದನ್ನು ಆರಿಸು. ಒಂದು ಒತ್ತು ಜಾಸ್ತಿ ಆಗುತ್ತದೆ, ನಿಜ. ಎಂಟು ಸಲ ತಪ್ಪುವುದಕ್ಕಿಂತ ಎರಡು ಸಲ ಒತ್ತುವುದು ಲೇಸು.

ದೂರದ್ದನ್ನು ಹಿಡಿಯಲು ಕೈಯನ್ನೇ ಬೆಳೆಸುವ ಉಪಾಯವೂ ಇದೆ. 1996ರಲ್ಲಿ ಬಂದ 'ಗೋ-ಗೋ' ಅನ್ನುವ ವಿಧಾನ. ತೋಳಿನ ಉದ್ದದ ಮೂರನೇ ಎರಡು ಭಾಗದವರೆಗೆ ಕೈ ಇದ್ದ ಹಾಗೇ ಇರುತ್ತದೆ. ಅದಕ್ಕಿಂತ ಮುಂದಕ್ಕೆ ಚಾಚಿದರೆ ಪರದೆಯೊಳಗಿನ ಕೈ ಮಾತ್ರ ಉದ್ದುದ್ದ ಬೆಳೆಯುತ್ತಾ ಹೋಗುತ್ತದೆ. ಗಂಗಾವತಿ ಕಡೆಗೆ ಹೋಗಿ ಅಂಜನಾದ್ರಿ ಬೆಟ್ಟ ಹತ್ತಿ ಬಂದ ಮಕ್ಕಳು ನಮ್ಮವರು. ಹನುಮಂತ ಬಾಲ ಬೆಳೆಸಿದ ಹಾಗೆ ಕೈ ಬೆಳೆಯುತ್ತದೆ ಅಂದರೆ ತಟ್ಟನೆ ಅರ್ಥವಾಯಿತು. ನೋಡಲು ಮಜಾ ಇದೆ. ಆದರೆ ತೋಳು ಚಾಚಿಯೇ ಇರಬೇಕು, ಭುಜದ ಕಥೆ ಮತ್ತೆ ಅಲ್ಲಿಗೇ ಬಂತು. ಅದಕ್ಕಿಂತ ವಸ್ತುವನ್ನೇ ಹತ್ತಿರ ತರುವುದು ಒಳ್ಳೆಯದು.

ಹಾಗೆ ತಂದೂ ನೋಡಿದೆವು. ಗೋಲಿಗಳನ್ನು ಎದೆಯ ಮಟ್ಟಕ್ಕೆ ಇಳಿಸಿ, ಮೂರು ಮೀಟರ್ ಇದ್ದದ್ದನ್ನು ಅರ್ಧ ಮೀಟರ್‌ಗೆ ತಂದು, ಅದೇ ಹುಡುಗಿಯನ್ನು ಡೆಸ್ಕ್ ಮುಂದೆ ಕೂರಿಸಿ, ಎರಡೂ ಮೊಣಕೈಯನ್ನು ಡೆಸ್ಕ್ ಮೇಲೆ ಊರಿಸಿದೆ. ಗುಂಡಿ ಒತ್ತಿದಾಗ 'ಟಿಕ್' ಅಂತ ಸದ್ದು, ಗೆರೆ ಗೋಲಿಗೆ ತಾಗಿದ ತಕ್ಷಣ ಗೋಲಿಗೆ ಬಿಳಿ ಅಂಚು, ಕೈಯಲ್ಲಿ ಸಣ್ಣ ಅದುರು. ಈ ಮೂರೂ ಇದ್ದರೆ ತಾನು ಹಿಡಿದದ್ದು ಯಾವುದು ಅಂತ ಒತ್ತುವ ಮುಂಚೆಯೇ ಗೊತ್ತಾಗುತ್ತದೆ. ಅವಳು ಒಂದು ಹಿಡಿದಳು. ಎರಡು ಹಿಡಿದಳು. ಆಮೇಲೆ ನನ್ನನ್ನು ಮರೆತೇ ಬಿಟ್ಟಳು. ಎರಡೂ ಕೈಯಲ್ಲಿ ಸರಸರ ಬಿಡಿಸುತ್ತಾ ಹೋದಳು, ಹತ್ತಿ ಹೊಲದಲ್ಲಿ ಹೇಗೋ ಹಾಗೆ, ತುಟಿ ಒಂಚೂರು ಕಚ್ಚಿಕೊಂಡು. ಟಿವಿಯ ಮುಂದೆ ನಿಂತವರು ನಗಲಿಲ್ಲ. ಎಣಿಸುತ್ತಿದ್ದರು.

ಈಗ ಕಣ್ಣಿನಿಂದಲೇ ಹಿಡಿಯುವ ಹೆಡ್‌ಸೆಟ್‌ಗಳೂ ಬಂದಿವೆ. ಆ್ಯಪಲ್‌ನ ವಿಷನ್ ಪ್ರೊ 2024ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು, ಆಗಿನ ಬೆಲೆ 3,499 ಡಾಲರ್. ನಮ್ಮ ಶಾಲೆಗೆ ಬರುವ ವಸ್ತುವಲ್ಲ ಅದು. ಆದರೆ ಅದರಲ್ಲಿ ಒಂದು ಒಳ್ಳೆಯ ಬುದ್ಧಿ ಇದೆ. ಬೇಕಾದ್ದನ್ನು ನೋಡಿದರೆ ಸಾಕು, ಕೈ ತೊಡೆಯ ಮೇಲೇ ಇರಲಿ, ಹೆಬ್ಬೆರಳು ತೋರುಬೆರಳನ್ನು ಚಿವುಟಿದ ಹಾಗೆ ಸೇರಿಸಿದರೆ ಅದು ಆಯ್ಕೆಯಾಗುತ್ತದೆ. ಗುರಿ ಹಿಡಿಯುವುದು ಕಣ್ಣಿನ ಕೆಲಸ, ಒಪ್ಪಿಗೆ ಕೊಡುವುದು ಬೆರಳಿನ ಕೆಲಸ. ಹೀಗೆ ಬೇರೆ ಬೇರೆ ಮಾಡಲೇಬೇಕು. ಯಾಕಂದ್ರೆ ಕಣ್ಣು ಒಂದು ಸೆಕೆಂಡಿಗೆ ಎರಡು ಮೂರು ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತಲೇ ಇರುತ್ತದೆ. ನೋಡಿದ್ದೆಲ್ಲಾ ಆಯ್ಕೆಯಾದರೆ ಗತಿ ಏನು? ಮುಟ್ಟಿದ್ದೆಲ್ಲ ಚಿನ್ನವಾಗುವ ಗ್ರೀಕರ ಕಥೆಯ ರಾಜನ ಹೆಸರಿನಲ್ಲಿ ಇದನ್ನು 'ಮಿಡಾಸ್ ಟಚ್' ಅನ್ನುತ್ತಾರೆ, 1990ರ ಸುಮಾರಿನಿಂದ ಸಂಶೋಧಕ ರಾಬರ್ಟ್ ಜೇಕಬ್ ಇದರ ಬಗ್ಗೆ ಬರೆದಿದ್ದಾರೆ. ನಾವು ಹೇಳುವುದಾದರೆ ಭಸ್ಮಾಸುರನ ಕೈ. ಕೆಲವು ಆ್ಯಪ್‌ಗಳು ಒಂದು ಸೆಕೆಂಡು ದಿಟ್ಟಿಸಿದರೆ ಆಯ್ಕೆ ಅಂತ ಮಾಡುತ್ತವೆ. ಕೈ ಆಡಿಸಲು ಆಗದವರಿಗೆ ಅದು ದೊಡ್ಡ ವರ. ಅವರಿಗಾಗಿ ಅದು ಇರಲೇಬೇಕು. ಆದರೆ ಓದುತ್ತಾ ಕೂರುವ ಮಗುವಿಗೆ ಅದು ಹಿಂಸೆ. ಒಂದು ಲೇಬಲ್ ಓದಲು ನಿಂತರೆ ಅದು ಎದ್ದು ಬಂದುಬಿಡುತ್ತದೆ!

ಲೇಬಲ್ ಅಂದಾಗ ಕನ್ನಡದ ಮಾತು ಹೇಳಲೇಬೇಕು. ನಮ್ಮ ಹೃದಯದ ಆ್ಯಪ್‌ನವರು ಕನ್ನಡ ಹಾಕಿದ್ದಾರೆ, ಅದಕ್ಕೆ ಮನಸಾರೆ ಧನ್ಯವಾದ. ಆದರೆ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಪಟ್ಟಿಯಲ್ಲೇ ಕನ್ನಡವನ್ನೂ ತುರುಕಿದ್ದಾರೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ, ಅದಕ್ಕೆ ಎತ್ತರ ಜಾಸ್ತಿ ಬೇಕು. ನಮ್ಮ ಪಠ್ಯದಲ್ಲಿ ಹೃದಯದ ಮೇಲಿನ ಕೋಣೆಗೆ 'ಹೃತ್ಕರ್ಣ', ಕೆಳಗಿನ ಕೋಣೆಗೆ 'ಹೃತ್ಕುಕ್ಷಿ' ಅಂತಾರೆ. ಈ ಎರಡು ಪದಗಳನ್ನು ಸಣ್ಣದಾಗಿ ಬರೆದು ಮೂರು ಮೀಟರ್ ದೂರದಿಂದ ನೋಡಿ. ಎರಡೂ ಒಂದೇ ಥರ ಶುರುವಾಗುತ್ತವೆ, ಒತ್ತು ಕಲಸಿಹೋಗುತ್ತದೆ, ಮಗು ಯಾವುದನ್ನು ಹಿಡಿಯಬೇಕು? ಕೈ ಎಷ್ಟೇ ನೆಟ್ಟಗಿದ್ದರೂ ತಪ್ಪಾದದ್ದನ್ನೇ ನೆಟ್ಟಗೆ ಹಿಡಿಯುತ್ತದೆ. ಮೇಲಾಗಿ ಬೆವರು. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕರೆಂಟು ಹೋಗಿ ಫ್ಯಾನ್ ನಿಂತರೆ ಐದೇ ನಿಮಿಷಕ್ಕೆ ಲೆನ್ಸ್ ಮಸುಕು. ಅಂಥ ಹೊತ್ತಿನಲ್ಲೂ ಓದಲು ಬರುವಷ್ಟು ದೊಡ್ಡದು ಬೇಕು.

ಎಡಚರ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಇಬ್ಬರು ಎಡಗೈ ಮಕ್ಕಳಿದ್ದಾರೆ, ಆ್ಯಪ್‌ನಲ್ಲಿ ಅವರಿಗೆ ಕೈ ಬದಲಿಸುವ ದಾರಿಯೇ ಇಲ್ಲ. ಇದನ್ನು ಯಾರೂ ಕ್ಷಮಿಸಬಾರದು.

ಮಾತಿನಿಂದ ಆರಿಸುವ ಬಗ್ಗೆಯೂ ಯೋಚಿಸಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಬೋಲ್ಟ್ ಎಂಬ ಸಂಶೋಧಕರು 1980ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಬೆರಳು ತೋರಿಸಿ 'ಅದನ್ನು ಅಲ್ಲಿ ಇಡು' ಅಂದರೆ ಪರದೆಯ ಮೇಲಿನ ಆಕೃತಿ ಅಲ್ಲಿಗೆ ಹೋಗುತ್ತಿತ್ತು. ಬರೀ ಬೆರಳಿಗೆ ಗೊಂದಲ ಇದೆ, ಬರೀ ಮಾತಿಗೂ ಇದೆ, ಎರಡೂ ಸೇರಿದರೆ ಗೊಂದಲ ಇಳಿಯುತ್ತದೆ. ನಾವು ಮನೆಯಲ್ಲಿ ಮಾಡುವುದೂ ಅದೇ, ಗಲ್ಲ ಎತ್ತಿ ತೋರಿಸಿ "ಆ ಸಣ್ಣ ತಂಬಿಗಿ ಕೊಡು" ಅಂದರೆ ಅಡುಗೆಮನೆಯ ಹತ್ತು ಪಾತ್ರೆಯಲ್ಲಿ ಅದೊಂದೇ ಕೈಗೆ ಬರುತ್ತದೆ. ಕವಾಟದ ಕಡೆ ಗೆರೆ ತೋರಿಸಿ ಕನ್ನಡದಲ್ಲಿ "ದ್ವಿದಳ" ಅಂದರೆ ಸಾಕು ಅನ್ನುವಂತಾದರೆ ಎಷ್ಟು ಚೆಂದ. ಆದರೆ ಅರವತ್ತು ಮಕ್ಕಳಿರುವ ತರಗತಿಯ ಗದ್ದಲದಲ್ಲಿ ಅದನ್ನೇ ನಂಬಿ ಕೂರಲು ಆಗುವುದಿಲ್ಲ, ಜೊತೆಗಿರಲಿ ಅಷ್ಟೇ.

ಇನ್ನು ಮೊಬೈಲ್‌ನ ಎಆರ್, ಅಂದರೆ ಫೋನ್ ಕ್ಯಾಮೆರಾದಲ್ಲಿ ಕಾಣುವ ನಿಜವಾದ ವಸ್ತುವಿನ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸಿ ತೋರಿಸುವುದು. ಹೆಡ್‌ಸೆಟ್ ಎರಡೇ ಇವೆ, ಫೋನ್ ಮಾತ್ರ ಮನೆಮನೆಯಲ್ಲೂ ಇದೆ, ಹಾಗಾಗಿ ನನ್ನ ಆಸೆ ಇದರ ಮೇಲೇ ಜಾಸ್ತಿ. ನಮಗೆ ಹತ್ತಿರದಲ್ಲೇ ಮಸ್ಕಿ ಇದೆ. 1915ರಲ್ಲಿ ಅಲ್ಲಿ ಸಿಕ್ಕ ಬಂಡೆಯ ಶಾಸನದಲ್ಲಿ 'ದೇವಾನಂಪಿಯ' ಅನ್ನುವ ಬಿರುದಿನ ಜೊತೆ 'ಅಸೋಕ' ಅನ್ನುವ ಹೆಸರೂ ಇತ್ತು. ಅದುವರೆಗೆ ಬೇರೆ ಶಾಸನಗಳಲ್ಲಿ ಕಾಣುತ್ತಿದ್ದ ಆ ದೇವರ ಪ್ರಿಯ ರಾಜ ಅಶೋಕನೇ ಅಂತ ಗಟ್ಟಿಯಾದದ್ದು ನಮ್ಮ ಈ ಕಲ್ಲಿನಿಂದ. ಆ ಶಾಸನದ ಒಂದು ದೊಡ್ಡ ಚಿತ್ರವನ್ನು ಶಾಲೆಯ ಗೋಡೆಗೆ ಅಂಟಿಸಿದ್ದೇವೆ. ಫೋನ್ ಹಿಡಿದರೆ ಬ್ರಾಹ್ಮಿ ಅಕ್ಷರಗಳು ಬೆಳಗುತ್ತವೆ, ಒಂದನ್ನು ಮುಟ್ಟಿದರೆ ಅದರ ಕನ್ನಡ ಅಕ್ಷರ ಮೇಲೆ ಬರುತ್ತದೆ. ಇದನ್ನೂ ನನ್ನ ಹಳೆಯ ವಿದ್ಯಾರ್ಥಿಯೇ ಮಾಡಿಕೊಟ್ಟ.

ಮೊದಲ ದಿನ ಇದೂ ಕೈಕೊಟ್ಟಿತು. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯ ಬೆರಳಿನಿಂದ ಮುಟ್ಟಬೇಕು. ಮುಟ್ಟಿದ ಕೂಡಲೇ ಫೋನ್ ಅಲುಗುತ್ತದೆ, ಫೋನ್ ಅಲುಗಿದರೆ ಅಕ್ಷರಗಳೂ ಪರದೆಯ ಮೇಲೆ ಸರಿಯುತ್ತವೆ, 'ಸೋ' ಮುಟ್ಟಲು ಹೋದವನಿಗೆ 'ಕ' ಸಿಗುತ್ತದೆ. ಮೇಲೆ ಬೆರಳೇ ಅಕ್ಷರವನ್ನು ಮುಚ್ಚಿಬಿಡುತ್ತದೆ. ಈಗ ಒಂದು ಬದಲಾವಣೆ ಮಾಡಿದ್ದಾನೆ. ಪರದೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಚಿತ್ರ ಅಲ್ಲೇ ನಿಂತುಬಿಡುತ್ತದೆ, ಫೋಟೊ ತೆಗೆದ ಹಾಗೆ. ಆಮೇಲೆ ಫೋನನ್ನು ಕೆಳಗೆ ಇಳಿಸಿ, ಮಡಿಲಲ್ಲಿ ಇಟ್ಟುಕೊಂಡು, ನಿಧಾನವಾಗಿ ಒಂದೊಂದೇ ಅಕ್ಷರ ಮುಟ್ಟಬಹುದು. ಮುಟ್ಟಿದ ಅಕ್ಷರ ಬೆರಳಿನ ಮೇಲ್ಗಡೆ ದೊಡ್ಡದಾಗಿ ಕಾಣುತ್ತದೆ. ಮೊನ್ನೆ ಎಂಟನೇ ತರಗತಿಯ ಮಗು ಒಂದು ಗೋಡೆಗೆ ಬೆನ್ನು ಕೊಟ್ಟು ಕೂತು ಅ, ಸೋ, ಕ ಅಂತ ಮೂರೂ ಹಿಡಿದು ಓದಿದ್ದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಹೆಸರು ಅದು.

ಇದನ್ನೆಲ್ಲ ಯಾಕೆ ನಿಮಗೆ ಬರೆಯುತ್ತಿದ್ದೇನೆ ಅಂದರೆ, ಶಾಲೆಗಳಿಗೆ ಇಂಥ ವಸ್ತು ಖರೀದಿ ಮಾಡುವ ಅಧಿಕಾರಿಗಳೂ ನಿಮ್ಮ ಪತ್ರಿಕೆ ಓದುತ್ತಾರೆ, ದಾನಿಗಳೂ ಓದುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಪೆಟ್ಟಿಗೆಯ ಮೇಲೆ ಎಷ್ಟು ಪಾಠ ಇದೆ, ಎಷ್ಟು ಮಾಡೆಲ್ ಇದೆ ಅಂತ ಬರೆದಿರುತ್ತದೆ. ಅದನ್ನು ಆಮೇಲೆ ನೋಡಿ. ಮೊದಲು ಒಂದು ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈ ಊರಿಸಿ, ಇಪ್ಪತ್ತು ವಸ್ತು ಹಿಡಿಯಲು ಹೇಳಿ. ಎಷ್ಟು ತಪ್ಪಿತು ಎಣಿಸಿ. ಹತ್ತು ನಿಮಿಷ ಆದ ಮೇಲೆ ಭುಜ ಹೇಗಿದೆ ಕೇಳಿ. ಎಡಗೈಯವರನ್ನೂ ಕೂರಿಸಿ, ಕನ್ನಡಕ ಹಾಕುವವರನ್ನೂ ಕೂರಿಸಿ, ಐವತ್ತು ದಾಟಿದ ಶಿಕ್ಷಕರೊಬ್ಬರನ್ನೂ ಕೂರಿಸಿ. ನಿಂತು ತೋಳು ಚಾಚಿದರೆ ಮಾತ್ರ ನಡೆಯುವ ಆ್ಯಪ್ ಆದರೆ ವಾಪಸ್ ಕಳಿಸಿ, ಸರಿ ಮಾಡಿ ತನ್ನಿ ಅನ್ನಿ. ಟೆಂಡರ್‌ನಲ್ಲೇ ಇದನ್ನು ಒಂದು ಷರತ್ತಾಗಿ ಬರೆದರೆ ಇನ್ನೂ ಒಳ್ಳೆಯದು. ಹೊಲಿಗೆ ಯಂತ್ರ ಕೊಳ್ಳುವಾಗ ಬಟ್ಟೆ ಇಟ್ಟು ನಾಲ್ಕು ಗೆರೆ ಹೊಲಿದು ನೋಡದೆ ಯಾರಾದರೂ ದುಡ್ಡು ಕೊಡುತ್ತಾರಾ? ಬಳ್ಳಾರಿಯ ಜೀನ್ಸ್ ಹೊಲಿಯುವವರನ್ನು ಕೇಳಿ ನೋಡಿ.

ಆ್ಯಪ್ ಮಾಡುವವರಲ್ಲೂ ಒಂದು ಮಾತು. ನಮ್ಮ ಕಲಬುರಗಿ, ಬಳ್ಳಾರಿ, ರಾಯಚೂರು ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲೇ ಈಗ ಹುಡುಗರು ಹುಡುಗಿಯರು ವಿಆರ್ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ನೀವು ಎಸಿ ಲ್ಯಾಬಿನಲ್ಲಿ, ಸ್ನೇಹಿತರ ಕೈಗೆ ಕೊಟ್ಟು ಪರೀಕ್ಷೆ ಮಾಡಿದರೆ ಸಾಲದು. ದಿನವೂ ಅದನ್ನೇ ಹಿಡಿದು ನಿಮ್ಮ ಕೈ ಪಳಗಿರುತ್ತದೆ, ಗೆರೆ ಎಲ್ಲಿ ಓಲುತ್ತದೆ ಅಂತ ನಿಮಗೆ ಗೊತ್ತಿಲ್ಲದೆಯೇ ಗೊತ್ತಾಗಿರುತ್ತದೆ. ಮೊದಲ ಸಲ ಹಿಡಿಯುವ ಕೈ ಬೇರೆ.

ಆ ಕೈಗಳು ನಮ್ಮಲ್ಲಿವೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದೆರಡು ತಾಸು ವಿಜ್ಞಾನ ಕೊಠಡಿ ತೆರೆದೇ ಇರುತ್ತದೆ. ನಿಮ್ಮ ಆ್ಯಪ್ ತನ್ನಿ, ಅರ್ಧಂಬರ್ಧ ಆಗಿದ್ದರೂ ಪರವಾಗಿಲ್ಲ. ಆ ಹುಡುಗಿಗೆ ಹೇಳಿದ್ದೇನೆ, ಯಾರಾದರೂ ಬಂದರೆ ಮೊದಲು ನೀನೇ ಹಿಡಿದು ನೋಡಬೇಕು, ಸಿಗದಿದ್ದರೆ ಸಿಗಲಿಲ್ಲ ಅಂತ ಅವರ ಮುಖಕ್ಕೇ ಹೇಳಬೇಕು ಅಂತ. "ಹೂಂನ್ರಿ" ಅಂದಿದ್ದಾಳೆ. ಎರಡೂ ಹೆಡ್‌ಸೆಟ್ ಚಾರ್ಜ್ ಮಾಡಿ ಇಟ್ಟಿರುತ್ತೇನೆ.

ಇಂತಿ,
ವಿಜ್ಞಾನ ಶಿಕ್ಷಕಿ,
ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ